ಪುಸ್ತಕ ನಿನ್ನದು, ಬರಹ ಅವರದು

ಶಿಕಾರಿಪುರ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಬೆಳಗ್ಗೆ ಸೊರಬದಿಂದ ಫೋನ್ ಮಾಡಿ ನೀನು ಅತ್ತದ್ದು ಇನ್ನೂ ಕಿವಿಯಲ್ಲೇ ಇದೆ. ಅಜ್ಜನ ಕಪಾಟಿನ ಪುಸ್ತಕಗಳ ಧೂಳು ಒರೆಸಿ, ಒಂದೊಂದನ್ನೇ ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟಿದ್ದೆ. ಎದ್ದು ನೋಡಿದರೆ ಐದು ಪುಸ್ತಕ ಪಟ್ಟಿಯಿಂದ ಮಾಯ, ಜೊತೆಗೆ ಬೌದ್ಧಿಕ ಸ್ವತ್ತಿನ ದೂರು ಬಂದಿದೆ ಎಂಬ ಇಮೇಲ್. "ನಾನೇನು ಕಳ್ಳಿಯಾ ಅತ್ತೆ?" ಅಂದೆಯಲ್ಲ, ಆ ಮಾತಿಗೆ ಫೋನಿನಲ್ಲಿ ಉತ್ತರಿಸಲು ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಕಳ್ಳಿಯಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಕಲಂ ನಿನ್ನ ಪರವಾಗಿದೆ. ಪ್ರತಿಗಳನ್ನು ಜನರಿಗೆ ಬಿಡುಗಡೆ ಮಾಡುವ ಹಕ್ಕು ಕೃತಿಸ್ವಾಮ್ಯ ಉಳ್ಳವರದು, ನಿಜ. ಆದರೆ ಆಗಲೇ ಚಲಾವಣೆಯಲ್ಲಿರುವ ಪ್ರತಿಗಳಿಗೆ ಅದು ಅನ್ವಯಿಸದು. ಒಮ್ಮೆ ಮಾರಾಟವಾದ ಪ್ರತಿ ಚಲಾವಣೆಗೆ ಬಂದಂತೆಯೇ ಎಂದು ಅಲ್ಲೇ ವಿವರಣೆಯೂ ಇದೆ. ಅಜ್ಜ ದುಡ್ಡು ಕೊಟ್ಟು ತಂದ ಕಾರಂತರ ಕಾದಂಬರಿ ಮಾರಲು ನಿನಗೆ ಯಾರ ಅಪ್ಪಣೆಯೂ ಬೇಡ. ಅದನ್ನೇ ಸ್ಕ್ಯಾನ್ ಮಾಡಿ ಪಿಡಿಎಫ್ ಮಾರಿದರೆ ಮಾತ್ರ ತಪ್ಪು. ಲೇಖಕರು ತೀರಿದ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಕಾರಂತರು ಹೋದದ್ದು 1997ರಲ್ಲಿ, ಆದ್ದರಿಂದ 2057ರ ಕೊನೆಯವರೆಗೆ. ಕಾಗದ, ಹೊಲಿಗೆ, ರಟ್ಟು ನಿನ್ನದು, ಬರಹ ಅವರದು.

ಕೆಳಗಿನ ಹಲಗೆಯಲ್ಲಿ ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಎರಡು ಸಂಪುಟಗಳಿವೆ ನೋಡು. 1902ರ ಏಳನೆಯದರಲ್ಲಿ ನಮ್ಮ ಶಿಕಾರಿಪುರ ತಾಲ್ಲೂಕಿನ ಶಾಸನಗಳು, 1904ರ ಎಂಟನೆಯದರಲ್ಲಿ ನಿಮ್ಮ ಸೊರಬದವು. ಅವುಗಳ ಹಕ್ಕಿನ ಕಾಲ ಎಂದೋ ಮುಗಿದಿದೆ; ಸ್ಕ್ಯಾನ್ ಮಾಡಿ ಎಷ್ಟು ಜನಕ್ಕೆ ಬೇಕಾದರೂ ಹಂಚು. ಆ ಎರಡು ಪುಸ್ತಕಗಳನ್ನು ಮಾತ್ರ ಮಾರಬೇಡ ಮಗಳೇ. ತಾಳಗುಂದದ ಕಂಬದ ಮುಂದೆ ನಿಂತು ಅಜ್ಜ ನನಗೆ ಕದಂಬರ ಕಥೆ ಹೇಳಿದ್ದು ಏಳನೇ ಸಂಪುಟವನ್ನು ಕಂಕುಳಲ್ಲಿ ಇಟ್ಟುಕೊಂಡು.

ಈಗ ದೂರಿಗೆ ಉತ್ತರ. ಸಿಟ್ಟಿನಲ್ಲಿ ಬರೆಯಬೇಡ. ಕೃತಿಸ್ವಾಮ್ಯದ ದೂರೋ, ಟ್ರೇಡ್‌ಮಾರ್ಕಿನದೋ, ನಕಲಿ ಪ್ರತಿ ಎಂಬ ಆರೋಪವೋ, ಮೊದಲು ಓದಿ ತಿಳಿದುಕೋ. ಪ್ರತಿ ಪುಸ್ತಕದ ಮುಖಪುಟ, ಬೆನ್ನು, ಪ್ರಕಾಶಕರ ಹೆಸರೂ ಮುದ್ರಣದ ವರ್ಷವೂ ಇರುವ ಪುಟ, ಇವಿಷ್ಟರ ಫೋಟೋ ನೀನೇ ತೆಗೆ. ಪ್ರಕಾಶಕರ ಚಿತ್ರ ಎರವಲು ತರಬೇಡ. "ಇದು ಮೂಲ ಪ್ರಕಾಶಕರ ಮುದ್ರಣ, ಹಿಂದೆ ಖರೀದಿಸಿ ಬಳಸಿದ ಪ್ರತಿ" ಎಂದು ಸ್ಪಷ್ಟವಾಗಿ ಬರೆದು 14ನೇ ಕಲಂ ನಮೂದಿಸು. ದೂರು ಕೊಟ್ಟವರಿಗೂ ಅದನ್ನೇ ಕಳಿಸಿ, ದೂರು ಹಿಂಪಡೆಯಲು ಕೇಳು. ಭಾರತದಲ್ಲಿ ಮಾತ್ರ ಮಾರಾಟಕ್ಕೆ ಎಂದು ಅಚ್ಚಾದ ಅಗ್ಗದ ಆವೃತ್ತಿಗಳನ್ನು ಹೊರದೇಶಕ್ಕೆ ಕಳಿಸಬೇಡ. ಹಾಗೆ ಆನ್‌ಲೈನಿನಲ್ಲಿ ಮಾರುತ್ತಿದ್ದವರನ್ನು ದೆಹಲಿ ಹೈಕೋರ್ಟ್ 2010ರಲ್ಲಿ ಮಧ್ಯಂತರ ಆದೇಶದಿಂದ ತಡೆದಿತ್ತು.

ನಾಲ್ಕು ಪುಸ್ತಕಕ್ಕೆ ಇಷ್ಟು ಸಾಕು. ಐದನೆಯದರ ವಿಷಯ ಬೇರೆ.

ನೀನು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದೆ. ತೆಳು ಕಾಗದ, ಮಸುಕು ಅಕ್ಷರ, ಮುದ್ರಣದ ವಿವರವಿರುವ ಪುಟವೇ ಇಲ್ಲ. ಅದು ಕಳ್ಳಮುದ್ರಣ, ಪುಟ್ಟಿ. ಕಾಲೇಜಿನಲ್ಲಿದ್ದಾಗ ಬಸ್‌ಸ್ಟ್ಯಾಂಡಿನ ಪಕ್ಕ ಅರ್ಧ ಬೆಲೆಗೆ ಕೊಂಡು ಅಜ್ಜನಿಗೆ ಕೊಟ್ಟವಳು ನಾನೇ. ಅವರು ಪುಟ ತಿರುವಿದರು, ಏನೂ ಅನ್ನಲಿಲ್ಲ. ಮುಂದಿನ ತಿಂಗಳು ಶಿವಮೊಗ್ಗಕ್ಕೆ ಹೋದವರು ಅದೇ ಪುಸ್ತಕವನ್ನು ಪೂರ್ತಿ ಬೆಲೆ ಕೊಟ್ಟು ತಂದು ಪಕ್ಕದಲ್ಲಿಟ್ಟರು. ಬರೆದವರಿಗೆ ಸಲ್ಲಬೇಕಾದದ್ದು ಸಲ್ಲಲಿ ಎಂದು ತಂದದ್ದು ಅಂತ ನನಗೆ ಹೊಳೆಯಲು ಎಷ್ಟೋ ವರ್ಷ ಬೇಕಾಯಿತು. ಆ ಒಂದು ದೂರು ನ್ಯಾಯವಾದದ್ದು. ಗೊತ್ತಿಲ್ಲದೆ ಇಟ್ಟೆ ಎಂದು ಬರೆದು ಕ್ಷಮೆ ಕೇಳು. ಅದನ್ನು ಒಪ್ಪಿಕೊಂಡರೆ ಉಳಿದ ನಾಲ್ಕರ ಬಗ್ಗೆ ನಿನ್ನ ಮಾತಿಗೆ ಬಲ ಬರುತ್ತದೆ.

ಶನಿವಾರ ಶಿರಾಳಕೊಪ್ಪದ ಮೇಲೆ ಬಸ್ಸಿಗೆ ಬರುತ್ತೇನೆ. ಇಬ್ಬರೂ ಕೂತು ಇಡೀ ಕಪಾಟು ನೋಡೋಣ. ಅಜ್ಜ ಕೊಂಡು ತಂದ ಪ್ರತಿ ಅಲ್ಲೇ ಇರಬೇಕು. ಬೇಕಿದ್ದರೆ ಅದನ್ನು ಮಾರು. ನಾನು ತಂದದ್ದನ್ನು ನನಗೇ ಕೊಟ್ಟುಬಿಡು.

ನಿನ್ನ
ಅತ್ತೆ