ನಿಯತ್ತು ಯಾರಿಗೆ?

2023ರಲ್ಲಿ ಕರುಣ್ ನಾಯರ್ ಕರ್ನಾಟಕ ಬಿಟ್ಟು ವಿದರ್ಭ ಸೇರಿದಾಗ ನನಗೆ ಸಿಟ್ಟೇ ಬಂದಿತ್ತು. ನಮ್ಮ ಭದ್ರಾವತಿ ಗುಂಡಪ್ಪ ವಿಶ್ವನಾಥ್ ಹುಟ್ಟಿದ ಊರು. ರಣಜಿಯಲ್ಲಿ ಅವರು ಬೇರೆ ರಾಜ್ಯದ ಕಡೆ ತಿರುಗಿಯೂ ನೋಡಲಿಲ್ಲ. ಇವರೋ, 2017ರ ಸೆಮಿಫೈನಲ್‌ನಲ್ಲಿ ನಮ್ಮನ್ನು ಬರೀ 5 ರನ್‌ಗಳಿಂದ ಸೋಲಿಸಿದ ತಂಡಕ್ಕೇ ಹೋಗಬೇಕೆ? ಆ ಪಂದ್ಯದಲ್ಲಿ ನಮಗಾಗಿ 153 ಹೊಡೆದವರೂ ಇದೇ ಕರುಣ್!

"ಇಲ್ಲಿ ಜಾಗ ಕೊಡಲಿಲ್ಲವಲ್ಲ ಅಪ್ಪಾ. ಸುಮ್ಮನೆ ಮನೆಯಲ್ಲಿ ಕೂರಬೇಕಿತ್ತೇ?" ಎಂದ ಮಗ. ಅವನಿಗೂ ಶಾಲೆಯ ತಂಡದಲ್ಲಿ ಜಾಗ ತಪ್ಪಿತ್ತು. ಎದುರಾಳಿ ಶಾಲೆಗೆ ಸೇರುತ್ತೇನೆಂದು ಹಟ ಹಿಡಿದಿದ್ದ. "ನಿಯತ್ತು ಬೇಡವೇನೋ?" ಎಂದು ಗದರಿದ್ದೆ.

2025ರ ಜನವರಿಯಲ್ಲಿ ವಿಜಯ್ ಹಜಾರೆ ಫೈನಲ್. ಕರ್ನಾಟಕದ ಎದುರು ವಿದರ್ಭದ ನಾಯಕ ಕರುಣ್. ಟೂರ್ನಿಯಲ್ಲಿ ಅವರದು ಒಟ್ಟು 779 ರನ್, ಐದು ಶತಕ. ಫೈನಲ್‌ನಲ್ಲಿ 27ಕ್ಕೆ ಔಟಾದರು, ನಾವು ಗೆದ್ದೆವು. ನಾನು ಚಪ್ಪಾಳೆ ತಟ್ಟಿದೆ, ಮಗ ತಟ್ಟಲಿಲ್ಲ. ಅವನ ಮುಖ ನೋಡಿ ನನ್ನ ಕೈಯೂ ನಿಂತಿತು. ಆ ಬೇಸಿಗೆಯಲ್ಲಿ ವರ್ಗಾವಣೆ ಅರ್ಜಿಗೆ ಸಹಿ ಹಾಕಿದೆ.

ಅಕ್ಟೋಬರ್‌ನಲ್ಲಿ ಕರುಣ್ ಮತ್ತೆ ಕರ್ನಾಟಕದ ಟೋಪಿ ತೊಟ್ಟು ಶಿವಮೊಗ್ಗದ ನವುಲೆಗೇ ಬಂದರು. ಗೋವಾ ವಿರುದ್ಧ ಅಜೇಯ 174! ಬಿಟ್ಟುಹೋದದ್ದು ತಂಡವನ್ನು, ಆಟವನ್ನಲ್ಲ ಎಂದು ನನಗೆ ಆಗ ಹೊಳೆಯಿತು.

ಮಗ ಹೊಸ ತಂಡದಲ್ಲಿ ಇನ್ನೂ ಹನ್ನೆರಡನೆಯವ. ಆದರೂ ಬೆಳಗ್ಗೆ ಆರಕ್ಕೆ ನಾನು ಎಬ್ಬಿಸುವ ಮೊದಲೇ ಬ್ಯಾಟು ಹಿಡಿದು ಹೊರಟಿರುತ್ತಾನೆ.