ಬೆಲ್ಲದ ಪೇಟೆಯಿಂದ ಬಿಳಿಯ ಹಡಗಿನವರೆಗೆ

ಘಟಪ್ರಭೆಗೂ ಕೃಷ್ಣೆಗೂ ನಡುವಣ ಎರೆಯ ಸೀಮೆಯಲ್ಲಿ ಮಹಾಲಿಂಗಪುರವಿದೆ. ಘಟಪ್ರಭಾ ಎಡದಂಡೆಯ ಕಾಲುವೆಯ ನೀರುಂಡ ನೆಲ. ದಾರಿಯ ಇಕ್ಕೆಲಗಳಲ್ಲಿ ಆಳೆತ್ತರದ ಕಬ್ಬು. ಹೊಲದ ಅಂಚಿನಲ್ಲಿ ಗಾಣದ ಹೊಗೆ. ಹಿಂದೆ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಈ ಊರಿಗೆ ಹೆಸರನ್ನು ಕೊಟ್ಟವನು ಮಹಾಲಿಂಗೇಶ್ವರ. ಆ ಹೆಸರನ್ನು ನಾಡಿನ ಅಂಗಡಿ ಅಂಗಡಿಗೂ ಮುಟ್ಟಿಸಿದ್ದು ಇಲ್ಲಿಯ ಬೆಲ್ಲ.

ಸುಗ್ಗಿಯ ದಿನಗಳಲ್ಲಿ ಇಲ್ಲಿಯ ಪೇಟೆಯನ್ನು ನೋಡಬೇಕು. ಅಡತಿ ಅಂಗಡಿಗಳ ಮುಂದೆ ಬೆಲ್ಲದ ಪೆಂಟೆಗಳು ಸಾಲುಗಟ್ಟಿ ಕುಳಿತಿರುತ್ತವೆ. ಖರೀದಿದಾರನು ಬಣ್ಣವನ್ನು ನೋಡುತ್ತಾನೆ. ಅಷ್ಟಕ್ಕೇ ನಂಬದೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾನೆ. ಸವಾಲು ಏರುತ್ತದೆ, ದರ ನಿಲ್ಲುತ್ತದೆ. ಆದರೆ ಅನುಭವಸ್ಥನಾದ ರೈತನು ಕೂಗಿದ ದರವನ್ನು ಕೇಳಿ ಹಿಗ್ಗುವವನಲ್ಲ. ಸಾಗಣೆ, ಹಮಾಲಿ, ತೂಕ ಎಂದು ಏನೇನು ಬಿತ್ತು, ಯಾವುದು ತನ್ನ ಪಾಲಿನದು, ಯಾವುದು ಕೊಂಡವನ ಪಾಲಿನದು ಎಂಬುದನ್ನೆಲ್ಲ ಪಟ್ಟಿಯಲ್ಲಿ ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟ ಮೇಲೆಯೇ ಅವನು ಎದ್ದು ನಿಲ್ಲುವುದು.

ಕಡಲಿಗೂ ಈ ಊರಿಗೂ ಬಹು ದೂರ. ಆದರೂ ಹಡಗಿನ ಪ್ರವಾಸದ ಮಾತು ಇಂದು ಇಲ್ಲಿಯ ಜಗಲಿಗಳಿಗೂ ಬಂದಿದೆ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ನೆಲೆಸಿದ ಮಕ್ಕಳು, ದುಡಿದು ದಣಿದ ತಂದೆತಾಯಿಗಳನ್ನು ಒಮ್ಮೆ ಸುಖವಾಗಿ ತಿರುಗಾಡಿಸಬೇಕೆಂದು ಬಯಸುತ್ತಾರೆ. ಬಣ್ಣದ ಚಿತ್ರಗಳುಳ್ಳ ಜಾಹೀರಾತು ಮನೆಗೆ ಬರುತ್ತದೆ. ನೀಲಿಯ ನೀರು, ಬಿಳಿಯ ಹಡಗು, ಕೆಳಗೆ ದಪ್ಪಕ್ಷರದಲ್ಲಿ ಒಂದು ದರ. ಬೆಲ್ಲದ ಪೇಟೆಯಲ್ಲಿ ಬೆಳೆದ ಬುದ್ಧಿ ಕೆಲಸಕ್ಕೆ ಬರಬೇಕಾದದ್ದು ಇಲ್ಲಿಯೇ. ಆ ದರವೂ ಸವಾಲಿನ ಕೂಗೇ ಹೊರತು ಪಟ್ಟಿಯ ಕೊನೆಯ ಸಾಲಲ್ಲ.

ಚಿಕ್ಕ ಹಡಗಿಗೆ ದೊಡ್ಡ ದರವೇಕೆ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಉತ್ತರ ಸರಳವಾಗಿದೆ. ಸಾವಿರಾರು ಜನರನ್ನು ಹೊರುವ ಹಡಗಿಗೂ ಕಪ್ತಾನನೊಬ್ಬನೇ. ನೂರಿನ್ನೂರು ಜನರನ್ನು ಹೊರುವುದಕ್ಕೂ ಒಬ್ಬನೇ. ಎಣ್ಣೆ, ಯಂತ್ರ, ವೈದ್ಯ, ಅಡಿಗೆಯವರು, ಬಂದರಿನ ಶುಲ್ಕ ಇವೆಲ್ಲವನ್ನೂ ಹಂಚಿಕೊಳ್ಳುವ ತಲೆಗಳು ಕಡಿಮೆಯಾದಷ್ಟೂ ಒಂದೊಂದು ತಲೆಯ ಮೇಲಣ ಭಾರ ಹೆಚ್ಚುತ್ತದೆ. ೨೦೨೩ರ ಜನವರಿ ೧೩ರಂದು ವಾರಾಣಸಿಯಿಂದ ಹೊರಟ ‘ಗಂಗಾ ವಿಲಾಸ’ ನೌಕೆಯನ್ನು ನೋಡಬಹುದು. ಬಾಂಗ್ಲಾದೇಶವನ್ನು ಹಾದು ಅಸ್ಸಾಮಿನ ದಿಬ್ರುಗಢವನ್ನು ಮುಟ್ಟುವ ಆ ಯಾನ ೫೧ ದಿನಗಳದು. ದಾರಿ ಸುಮಾರು ೩,೨೦೦ ಕಿಲೋಮೀಟರು. ಅಷ್ಟು ದೂರದ ಪಯಣಕ್ಕೆ ನೌಕೆಯಲ್ಲಿದ್ದುದು ೧೮ ಕೋಣೆಗಳು, ೩೬ ಜನರಿಗೆ ಸ್ಥಳ. ಇಂತಹ ಪ್ರವಾಸದ ವೆಚ್ಚ ಲಕ್ಷಗಳಲ್ಲಿ ಏರಿದರೆ ಆಶ್ಚರ್ಯವಿಲ್ಲ.

ಹಣ ಕೊಟ್ಟವರಿಗೆ ದೊರೆಯುವುದೇನು? ಈ ಪ್ರಶ್ನೆಗೆ ಕರ್ನಾಟಕದ ಕರಾವಳಿಯೇ ಒಂದು ಉತ್ತರವನ್ನು ಕಂಡಿದೆ. ೧೯೭೪ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ಪಣಂಬೂರಿನ ನವಮಂಗಳೂರು ಬಂದರಿಗೆ, ಮಳೆಗಾಲ ಕಳೆದ ಮೇಲೆ ವಿಹಾರದ ಹಡಗುಗಳು ಬರುವುದುಂಟು. ೨೦೨೨ರ ನವೆಂಬರ್ ೨೮ರಂದು ಅಲ್ಲಿಗೆ ಬಂದ ‘ಯೂರೋಪಾ ೨’ ಎಂಬ ಹಡಗಿನಲ್ಲಿ ಪ್ರಯಾಣಿಕರು ೨೭೧ ಮಂದಿ. ಸಿಬ್ಬಂದಿ ೩೭೩ ಮಂದಿ. ಉಣ್ಣುವವರಿಗಿಂತ ಬಡಿಸುವವರೇ ಹೆಚ್ಚು! ಚಿಕ್ಕ ವೈಭವದ ಹಡಗಿನ ಗುಟ್ಟೆಲ್ಲ ಈ ಎರಡು ಅಂಕಿಗಳಲ್ಲಿದೆ. ಹಾಸಿಗೆಯ ಮೆತ್ತಗೆ, ಗೋಡೆಯ ಚಿತ್ರ ಮೊದಲಾದವು ದೊಡ್ಡ ಹಡಗಿನಲ್ಲೂ ದೊರೆಯಬಹುದು. ಎರಡನೆಯ ದಿನವೇ ಹೆಸರು ಹಿಡಿದು ಕರೆಯುವ, ಚಹಕ್ಕೆ ಸಕ್ಕರೆ ಬೇಡವೆಂಬುದನ್ನು ನೆನಪಿಟ್ಟುಕೊಳ್ಳುವ ಮನುಷ್ಯರು ದೊರೆಯುವುದು ಇಂತಲ್ಲಿ. ಎರಡು ಹಡಗುಗಳ ಸೇವೆಯನ್ನು ಹೋಲಿಸಬೇಕೆನ್ನುವವರು ಮೊದಲು ಈ ಎರಡು ಅಂಕಿಗಳನ್ನೇ ಕೇಳತಕ್ಕದ್ದು.

ಇನ್ನು ಪಟ್ಟಿಯ ಸಾಲುಗಳು. ಜಾಹೀರಾತಿನ ದರ ಬಹುಮಟ್ಟಿಗೆ ಒಂದು ಕೋಣೆಯಲ್ಲಿ ಇಬ್ಬರು ಇರುವರೆಂದು ಎಣಿಸಿ, ಅವರಲ್ಲಿ ಒಬ್ಬರಿಗೆ ಹೇಳಿದ್ದಾಗಿರುತ್ತದೆ. ಒಬ್ಬರೇ ಹೊರಟರೆ ಅರ್ಧ ಕೋಣೆಯಲ್ಲಿ ಮಲಗಲಾಗದಷ್ಟೆ. ಆದ್ದರಿಂದ ಒಂಟಿ ಪ್ರಯಾಣಿಕರ ಮೇಲೆ ಹೆಚ್ಚುವರಿ ಹಣ ಬೀಳುತ್ತದೆ. ಕೆಲವೆಡೆ ಅದು ಇಮ್ಮಡಿಗೆ ಸಮೀಪಿಸುವುದೂ ಉಂಟು. ಗಂಡನನ್ನು ಕಳೆದುಕೊಂಡ ತಾಯಿಯನ್ನು ಮಗನೊಬ್ಬ ಪ್ರವಾಸಕ್ಕೆ ಕಳುಹಬೇಕೆಂದರೆ, ಇಬ್ಬರ ಹಣಕ್ಕೆ ಸಮೀಪದ ಹಣವನ್ನು ಕಟ್ಟಬೇಕಾದೀತು. ಇದನ್ನು ಮೊದಲೇ ತಿಳಿಯದೆ ಆಸೆ ಹುಟ್ಟಿಸಿ, ಕಡೆಗೆ ಬೇಡವೆನ್ನುವುದು ಆ ತಾಯಿಗೆ ನೋವಿನ ಸಂಗತಿ.

ಎರಡನೆಯದು ತೆರಿಗೆ ಮತ್ತು ಬಂದರು ಶುಲ್ಕ. ಇವು ದರದೊಳಗಿವೆಯೋ ಹೊರಗಿವೆಯೋ ಎಂಬುದನ್ನು ಸಣ್ಣಕ್ಷರಗಳಲ್ಲಿ ಹುಡುಕಬೇಕು. ಮೂರನೆಯದು ದಡದ ತಿರುಗಾಟ. ಪಣಂಬೂರಿನಲ್ಲಿ ಇಳಿದವರು ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರವನ್ನೂ, ೧೪೩೦ರಲ್ಲಿ ಕಟ್ಟಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ, ೧೪೩೨ರಲ್ಲಿ ನಿಂತ ಕಾರ್ಕಳದ ಗೊಮ್ಮಟನನ್ನೂ ನೋಡಲು ಬಯಸುತ್ತಾರೆ. ಆದರೆ ಹಡಗು ಹಗಲೆಲ್ಲ ನಿಂತು ಸಂಜೆ ಹೊರಡುವಂಥದು. ಹತ್ತಿಸಿಕೊಂಡು ಹೋಗುವ ಮೋಟಾರಿನ ಹಣ ಯಾರದು? ಈ ಒಂದು ವಿಷಯದಲ್ಲಿ ಹೆಸರಾಂತ ಕಂಪನಿಗಳೂ ಒಂದೇ ದಾರಿಯವಲ್ಲ. ‘ರೀಜೆಂಟ್ ಸೆವೆನ್ ಸೀಸ್’ ಎಂಬ ಕಂಪನಿಯು ದಡದ ತಿರುಗಾಟಗಳಲ್ಲಿ ಬಹುಪಾಲನ್ನು ದರದೊಳಗೇ ಸೇರಿಸಿದೆ. ‘ಸೀಬೋರ್ನ್’ ಕಂಪನಿಯು ಪಾನೀಯ ಮತ್ತು ಬಕ್ಷೀಸನ್ನು ಒಳಗೊಂಡು, ತಿರುಗಾಟವನ್ನು ಬೇರೆ ಇಟ್ಟಿದೆ. ಇಳಿದಲ್ಲೆಲ್ಲ ಊರು ನೋಡುವವರಿಗೆ ಮೊದಲನೆಯದು ಹೆಚ್ಚಿನ ದರದಲ್ಲೂ ಅಗ್ಗವಾಗಬಹುದು. ಹಡಗಿನ ಮೇಲೆಯೇ ಕುಳಿತು ಕಡಲನ್ನು ನೋಡುವವರಿಗೆ ಅದು ತಿನ್ನದ ಊಟಕ್ಕೆ ತೆತ್ತ ಹಣ.

ಇವಲ್ಲದೆ ವೈದ್ಯನ ಶುಲ್ಕ, ಬಟ್ಟೆ ಒಗೆತ, ವಿಮೆ, ಪರವಾನಗಿ ಇವೂ ಉಂಟು. ಮಹಾಲಿಂಗಪುರದಿಂದ ಬೆಳಗಾವಿಯ ವಿಮಾನ ನಿಲ್ದಾಣದವರೆಗೆ ಹೋಗುವ ಬಾಡಿಗೆಯೂ, ಅಲ್ಲಿಂದ ಹಡಗು ಹತ್ತುವ ಊರಿನವರೆಗಿನ ವಿಮಾನದ ಟಿಕೆಟ್ಟೂ ಯಾವ ಜಾಹೀರಾತಿನಲ್ಲೂ ಮೊದಲಿಗೆ ಕಾಣಿಸುವುದಿಲ್ಲ. ಸಸ್ಯಾಹಾರದ ಮನೆತನದವರು ತಮ್ಮ ಊಟದ ನಿಯಮವನ್ನು ಹಣ ಕಟ್ಟುವ ಮೊದಲೇ ಬರೆದು ತಿಳಿಸಿ, ಉತ್ತರವನ್ನೂ ಬರೆಹದಲ್ಲೇ ಪಡೆಯುವುದು ಲೇಸು. ನಡುಗಡಲಿನಲ್ಲಿ ಜೋಳದ ರೊಟ್ಟಿ ದೊರೆಯದಿದ್ದರೆ ನಡೆದೀತು; ಸಾರಿನಲ್ಲಿ ಏನಿದೆಯೆಂಬ ಅನುಮಾನದೊಂದಿಗೆ ಹತ್ತು ದಿನ ಉಣ್ಣುವುದು ನಡೆಯದು.

ಕಡಲೇ ಬೇಡವೆನ್ನುವವರಿಗೆ ಕರ್ನಾಟಕದಲ್ಲಿ ನೆಲದ ಮೇಲಣ ಹಡಗೊಂದು ಇದೆ. ಹಂಪೆಯ ಕಲ್ಲಿನ ರಥದ ಹೆಸರನ್ನು ಹೊತ್ತ ‘ಗೋಲ್ಡನ್ ಚಾರಿಯಟ್’ ರೈಲು ೨೦೦೮ರಲ್ಲಿ ಆರಂಭವಾಯಿತು. ಅದರ ಮಲಗುವ ಗಾಡಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ ಮೊದಲಾದ ರಾಜವಂಶಗಳ ಹೆಸರು. ಊಟದ ಗಾಡಿಗೆ ನಳಪಾಕವೆಂಬ ಹೆಸರು. ಮೊದಲ ವರ್ಷಗಳ ಸಂಚಾರದಲ್ಲಿ ಅದರ ಅತಿಥಿಗಳು ಮಹಾಲಿಂಗಪುರವಿರುವ ಬಾಗಲಕೋಟೆ ಜಿಲ್ಲೆಗೇ ಬಂದು ಬಾದಾಮಿಯ ಗುಹೆಗಳನ್ನು ನೋಡಿ ಹೋಗುತ್ತಿದ್ದರು. ೨೦೨೪ರ ಡಿಸೆಂಬರಿನಲ್ಲಿ ಅದು ಮತ್ತೆ ಹೊರಟಾಗ ಐದು ರಾತ್ರಿ, ಆರು ಹಗಲಿನ ಪ್ರವಾಸಕ್ಕೆ ಪ್ರಕಟವಾದ ದರ ೪,೦೦,೫೩೦ ರೂಪಾಯಿ. ಅದರ ಮೇಲೆ ಶೇಕಡಾ ೫ರ ತೆರಿಗೆ. ತೆರಿಗೆಯೊಂದೇ ಇಪ್ಪತ್ತು ಸಾವಿರವನ್ನು ದಾಟಿತು. ಆದರೆ ವಸತಿ, ಊಟ, ಮಾರ್ಗದರ್ಶಕರೊಡನೆ ಸ್ಥಳದರ್ಶನ, ಪ್ರವೇಶ ಶುಲ್ಕ ಇವೆಲ್ಲ ದರದೊಳಗೇ ಇದ್ದವು. ಕೂಗಿದ ದರಕ್ಕೂ ಕೊನೆಯ ಸಾಲಿಗೂ ನಡುವೆ ಎಷ್ಟು ಅಂತರವೆಂಬುದು ಹೊರಡುವ ಮೊದಲೇ ತಿಳಿಯುತ್ತಿತ್ತು. ದರ ಹೆಚ್ಚೋ ಕಡಿಮೆಯೋ, ಲೆಕ್ಕ ಮಾತ್ರ ಕಣ್ಣಿಗೆ ಕಾಣುವಂತಿತ್ತು.

ಕೊನೆಗೆ ಉಳಿಯುವುದು ಬಕ್ಷೀಸಿನ ಪ್ರಶ್ನೆ. ಹಲವು ಕಂಪನಿಗಳು ದಿನಕ್ಕಿಷ್ಟೆಂದು ಒಬ್ಬೊಬ್ಬ ಪ್ರಯಾಣಿಕನ ಲೆಕ್ಕಕ್ಕೂ ಅದನ್ನು ತಾವೇ ಸೇರಿಸುತ್ತವೆ. ಕೆಲವು ದರದೊಳಗೇ ಅಡಗಿಸಿರುತ್ತವೆ. ಪ್ರಯಾಣಿಕರು ಹೆಚ್ಚಾಗಿ ಗೊಣಗುವುದು ಈ ಸಾಲಿನ ಬಗೆಗೇ. ‘ಇಷ್ಟು ಕೊಟ್ಟ ಮೇಲೆ ಮತ್ತೇಕೆ?’ ಎಂಬುದು ನ್ಯಾಯವಾದ ಮಾತೇ ಸರಿ. ಆದರೆ ಆ ಸಾಲಿನ ಆಚೆ ಒಬ್ಬ ಮನುಷ್ಯನಿದ್ದಾನೆ. ಮನೆಮಾರುಗಳನ್ನು ತಿಂಗಳುಗಟ್ಟಲೆ ಬಿಟ್ಟು ಬಂದು, ಬೆಳಗಿನಿಂದ ರಾತ್ರಿಯವರೆಗೆ ಪರರ ಹಾಸಿಗೆಯನ್ನು ಸರಿಪಡಿಸುವವನು ಅವನು. ಅವನ ದುಡಿಮೆಯ ಬೆಲೆ ಸಂಬಳವಾಗಿ ಸಲ್ಲುವುದೋ, ಅತಿಥಿಯ ಮನಸ್ಸಿನ ಮೇಲೆ ನಿಂತಿರುವುದೋ ಎಂಬುದು ಅತಿಥಿಯೂ ಕೇಳಿ ತಿಳಿಯಬೇಕಾದ ಸಂಗತಿ.

ಮಹಾಲಿಂಗಪುರದ ಪೇಟೆಯಲ್ಲಿ ಪೆಂಟೆ ಹೊತ್ತವನ ಹಮಾಲಿ ಪಟ್ಟಿಯಲ್ಲಿ ಒಂದು ಸಾಲಾಗಿ ಬರುತ್ತದೆ. ಆ ಸಾಲಿನ ಮೊತ್ತದ ಬಗೆಗೆ ತಕರಾರು ಎದ್ದೀತು. ಆದರೆ ಅದು ದಾನವೆಂದು ಯಾರೂ ತಿಳಿಯುವುದಿಲ್ಲ. ಸಂಜೆ ಲಾರಿ ತುಂಬಿದ ಮೇಲೆ ಹಮಾಲನು ಹೆಗಲ ಮೇಲಣ ಬಟ್ಟೆಯನ್ನು ಕೊಡವಿಕೊಂಡು, ಯಾರಿಗೂ ಕೈಮುಗಿಯದೆ, ತನ್ನ ಕೂಲಿಯನ್ನು ಎಣಿಸಿಕೊಂಡು ಮನೆಗೆ ಹೋಗುತ್ತಾನೆ. ಬಿಳಿಯ ಹಡಗಿನ ದರಪಟ್ಟಿಯನ್ನು ಕೈಯಲ್ಲಿ ಹಿಡಿದವರು ಹಣ ಕಟ್ಟುವ ಮೊದಲು ಹುಡುಕಬೇಕಾದದ್ದು ಆ ಸಾಲನ್ನೇ. ಅದು ಸ್ಪಷ್ಟವಾಗಿದ್ದಲ್ಲಿ ಉಳಿದ ಸಾಲುಗಳೂ ಬಹುಶಃ ಸ್ಪಷ್ಟವಾಗಿರುತ್ತವೆ.