ಎರಡು ಜನ್ಮದಿನಗಳು

ಸಂಸ್ಕೃತದ ‘ದ್ವಿಜ’ ಶಬ್ದಕ್ಕೆ ಹಕ್ಕಿಯೆಂದೂ ಹಲ್ಲೆಂದೂ ಅರ್ಥಗಳುಂಟು. ಹಕ್ಕಿಯು ಮೊದಲು ಮೊಟ್ಟೆಯಾಗಿ, ತರುವಾಯ ಮರಿಯಾಗಿ ಹುಟ್ಟುತ್ತದೆ. ಹಲ್ಲು ಬಿದ್ದು ಮತ್ತೆ ಮೂಡುತ್ತದೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಪಾಠ ಹೇಳಿದ ನನಗೆ, ನನ್ನ ಮಗನೂ ಒಂದು ಬಗೆಯ ದ್ವಿಜನೆಂಬುದು ಮನವರಿಕೆಯಾದುದು ಜರ್ಮನಿಯಲ್ಲಿ ವಾಸದ ಅನುಮತಿಯನ್ನು ಬೇಡಿದಾಗ. ಅವನನ್ನು ಎರಡನೆಯ ಸಲ ಹುಟ್ಟಿಸಿದವನು ನಾನೇ, ಲೇಖನಿಯ ಮೊನೆಯಿಂದ.

ಮಗನು ಎಂಜಿನಿಯರು. 2024ರ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ಒಂದು ಪಟ್ಟಣದಲ್ಲಿ ಕೆಲಸಕ್ಕೆ ಸೇರಿ ಅಲ್ಲಿಯ ಅನುಮತಿಯನ್ನು ಪಡೆದನು. ಅದೇ ಮೇ 31ರಂದು ನಾನು ಸೇವೆಯಿಂದ ನಿವೃತ್ತನಾದೆನು. ನಮಗೆ ಅವನೊಬ್ಬನೇ ಮಗ, ಮನೆಯಾಕೆಗೆ ಮಂಡಿನೋವು. ಆ ದೇಶದಲ್ಲಿ 2024ರ ಮಾರ್ಚ್ 1ರಿಂದ ಒಂದು ಹೊಸ ವಿಧಿಯು ಜಾರಿಗೆ ಬಂದಿದೆ. ಆ ದಿನವಾಗಲಿ ಅನಂತರವಾಗಲಿ ಮೊದಲ ಬಾರಿಗೆ ಕುಶಲ ಉದ್ಯೋಗಿಯೆಂಬ ಅನುಮತಿಯನ್ನು ಪಡೆದವರು ತಮ್ಮ ತಂದೆತಾಯಿಗಳನ್ನು ಕರೆಸಿಕೊಳ್ಳಬಹುದು. ಆದರೆ ಅವರನ್ನು ಸಾಕುವಷ್ಟು ವರಮಾನವಿರಬೇಕು. ಆರೋಗ್ಯ ವಿಮೆಯಂತೂ ಇರಲೇಬೇಕು. ನಮ್ಮಂತೆ ಐವತ್ತೈದು ದಾಟಿ ಹೊರಗಿನಿಂದ ಬರುವವರಿಗೆ ಸಾರ್ವಜನಿಕ ವಿಮೆಯ ಬಾಗಿಲು ಸಾಮಾನ್ಯವಾಗಿ ತೆರೆಯುವುದಿಲ್ಲ. ಖಾಸಗಿ ವಿಮೆಯನ್ನೇ ಹುಡುಕಬೇಕು. ಅದರ ಕಂತು ಭಾರವಾದರೂ ಮಗನು ಹಿಂಜರಿಯಲಿಲ್ಲ.

ಇವನು ನಮ್ಮ ಮಗನೆಂಬುದನ್ನು ನಾವು ತೋರಿಸಿಕೊಡಬೇಕಾಗಿದ್ದಿತು. ಅಲ್ಲಿಯೇ ತೊಡಕು ಹುಟ್ಟಿದುದು. ಪುರಸಭೆಯ ಜನನಪತ್ರದಲ್ಲಿ 1993ರ ಆಗಸ್ಟ್ 19 ಎಂದಿದೆ. ಪಾಸ್‌ಪೋರ್ಟಿನಲ್ಲಿ 1993ರ ಜೂನ್ 1 ಎಂದಿದೆ. ಹತ್ತನೆಯ ತರಗತಿಯ ಅಂಕಪಟ್ಟಿಯನ್ನು ನೋಡಿ ಹಾಗೆ ಬರೆದುಕೊಂಡಿದ್ದರು. ಎರಡು ದಿನ ಹುಟ್ಟಿದವನು ಒಬ್ಬನೇ ಎಂದು ನಂಬುವುದು ಹೇಗೆಂದು ಅಧಿಕಾರಿಗಳು ಕೇಳಿದರೆ ಅದು ನ್ಯಾಯವೇ ಆಗಿದ್ದಿತು.

ವಾಚಕರಲ್ಲಿ ಒಪ್ಪಿಕೊಳ್ಳುತ್ತೇನೆ. 1999ರಲ್ಲಿ ನಾನು ನಮ್ಮೂರಿನ ಪ್ರಾಥಮಿಕ ಶಾಲೆಯ ಉಪಾಧ್ಯಾಯನಾಗಿದ್ದೆನು. ದಾಖಲಾತಿ ಪುಸ್ತಕವನ್ನು ಬರೆಯುವ ಕೆಲಸ ನನ್ನದು. ಶಾಲೆಗೆ ಸೇರಿಸಲು ನಿಯತವಾದ ವಯಸ್ಸಿಗೆ ಮಗನಿಗೆ ಕೆಲವೇ ದಿನಗಳ ಕೊರತೆಯಿದ್ದಿತು. ಒಂದು ವರ್ಷ ಮನೆಯಲ್ಲಿ ಕೂಡಿಸಲು ಮನಸ್ಸು ಬಾರದೆ ಜೂನ್ 1 ಎಂದು ಬರೆದುಬಿಟ್ಟೆನು. ಊರಿನ ಎಷ್ಟೋ ಮಕ್ಕಳಿಗೂ ಹಾಗೆಯೇ ಬರೆದಿದ್ದೆನು. ಅವರ ತಂದೆಯರು ಬಂದು, “ಮೇಷ್ಟ್ರೇ, ನೀವೇ ಒಂದು ದಿನ ಹಾಕಿಕೊಳ್ಳಿ” ಎನ್ನುತ್ತಿದ್ದರು. ನಮ್ಮ ಶಾಲೆಯ ಪುಸ್ತಕವನ್ನು ನಂಬುವುದಾದರೆ ಊರಿನ ಅರ್ಧದಷ್ಟು ಜನ ಒಂದೇ ದಿನ ಹುಟ್ಟಿದವರು. ಸುಳ್ಳಾಡಬಾರದೆಂದು ಬೆಳಗ್ಗೆ ಪಾಠ ಹೇಳಿ, ಮಧ್ಯಾಹ್ನ ಅದನ್ನೇ ಮಸಿಯಿಂದ ಬರೆದೆನಲ್ಲಾ ಎಂಬ ನಾಚಿಕೆಯು ಆಗ ನನಗೆ ತಟ್ಟಲಿಲ್ಲ. ಉಪಕಾರವೆಂದೇ ಎಣಿಸಿದ್ದೆನು.

ಶಾಲೆಯ ದಾಖಲೆಯನ್ನು ತಿದ್ದಿಸಬೇಕಾದರೆ ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕು. ಅಂಕಪಟ್ಟಿ, ಪದವಿಪತ್ರ, ಪಾಸ್‌ಪೋರ್ಟು, ಮಗನ ಜರ್ಮನ್ ಕಾಗದಗಳು ಎಲ್ಲವೂ ಒಂದರ ಹಿಂದೊಂದು ಬದಲಾಗಬೇಕು. ಕೊನೆಗೆ ನಾವಾಗಿಯೇ ರಕ್ತಸಂಬಂಧದ ಪರೀಕ್ಷೆಗೆ ಒಪ್ಪಿದೆವು. ಹತ್ತಿ ಸುತ್ತಿದ ಕಡ್ಡಿಯಿಂದ ಕೆನ್ನೆಯ ಒಳಭಾಗವನ್ನು ಸವರಿ ತೆಗೆದರೆ ಸಾಕು, ಅದರಲ್ಲಿರುವ ಡಿಎನ್‌ಎ ಉಳಿದುದನ್ನು ಹೇಳುತ್ತದೆ. ಆ ದಿನ ಮನೆಗೆ ಹಿಂದಿರುಗುವವರೆಗೂ ಮನೆಯಾಕೆ ಮಾತನಾಡಲಿಲ್ಲ. ರಾತ್ರಿ ಎಲೆಯ ಮುಂದೆ ಕುಳಿತಾಗ, “ಹೆತ್ತವಳ ಮಾತಿಗೆ ಬೆಲೆಯಿಲ್ಲದಂತೆ ಮಾಡಿದಿರಿ. ನಾನು ಅಂದೇ ಬೇಡವೆಂದಿರಲಿಲ್ಲವೆ?” ಎಂದಳು. ಹೌದು, ಅಂದಿದ್ದಳು. ನನ್ನಲ್ಲಿ ಉತ್ತರವಿರಲಿಲ್ಲ.

ಮಗನಿಗೆ ದೂರವಾಣಿಯಲ್ಲಿ, “ನನ್ನಿಂದ ನಿನಗೆ ತೊಂದರೆಯಾಯಿತಪ್ಪಾ” ಎಂದೆನು. ಅವನು ನಕ್ಕನು. ಆ ದೇಶದಲ್ಲಿ ಹುಟ್ಟುಹಬ್ಬದವನೇ ಕಚೇರಿಗೆ ಕೇಕನ್ನು ಒಯ್ದು ಹಂಚುವುದು ರೂಢಿಯಂತೆ. “ಜೂನ್ ಒಂದಕ್ಕೆ ನಾನೂ ಒಯ್ದೆ, ಅಪ್ಪಾ. ಎಲ್ಲರೂ ಕೈಕುಲುಕಿದರು. ಯಾರದೋ ಹಬ್ಬಕ್ಕೆ ನಾನು ಸಿಹಿ ಹಂಚಿದ ಹಾಗಿತ್ತು” ಎಂದನು. ಅವನು ನಕ್ಕು ಹೇಳಿದ ಆ ಮಾತು ಮನೆಯಾಕೆಯ ಕೋಪಕ್ಕಿಂತಲೂ ಹೆಚ್ಚಾಗಿ ನನ್ನನ್ನು ನೋಯಿಸಿತು.

ಪರೀಕ್ಷೆಯ ಫಲವು ಬಂದಿತು. ಮಗನು ನಮ್ಮವನೇ ಎಂದಾಯಿತು. 2025ರಲ್ಲಿ ನಾವು ಹೊರಟೆವು. ಅಲ್ಲಿ ಮನೆಯನ್ನು ಹೊಕ್ಕ ಎರಡು ವಾರಗಳೊಳಗೆ ನಗರದ ಕಚೇರಿಯಲ್ಲಿ ವಿಳಾಸವನ್ನು ನೋಂದಾಯಿಸಬೇಕು. ಅದಕ್ಕೆ ಮನೆಯ ಯಜಮಾನನ ಪತ್ರವು ಬೇಕು; ಅದರ ಹೆಸರು ‘ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್’. ಬಿಡಿಸಿ ನೋಡಿದರೆ ಮನೆ, ಕೊಡುವವನು, ದೃಢೀಕರಣ. ಅಪ್ಪಟ ತತ್ಪುರುಷ ಸಮಾಸ! ಪರದೇಶದಲ್ಲಿ ಹಳೆಯ ನೆಂಟನನ್ನು ಕಂಡಂತಾಯಿತು. ಆಮೇಲೆ ವಿದೇಶೀಯರ ಕಚೇರಿಯಲ್ಲಿ ಬೆರಳಚ್ಚು, ರುಜು, ಭಾವಚಿತ್ರ. ಕೆಲವು ವಾರಗಳ ತರುವಾಯ ಅನುಮತಿಯ ಕಾರ್ಡು ಕೈಸೇರಿತು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಒಳಗೆ ಭಾವಚಿತ್ರವನ್ನೂ ಎರಡು ಬೆರಳಚ್ಚುಗಳನ್ನೂ ಹೊತ್ತ ಚಿಪ್ಪಿರುತ್ತದೆ. 2011ರ ಸೆಪ್ಟೆಂಬರಿನಿಂದ ಅಲ್ಲಿ ಇಂತಹ ಕಾರ್ಡುಗಳನ್ನೇ ಕೊಡುತ್ತಿದ್ದಾರೆ.

ಮನೆಯಾಕೆ ನನ್ನ ಕಾರ್ಡನ್ನು ಬೆಳಕಿಗೆ ಹಿಡಿದು ಓದಿ ನಗತೊಡಗಿದಳು. ಅದರಲ್ಲಿದ್ದ ಜನ್ಮದಿನ: 1964ರ ಜೂನ್ 1. ನನ್ನನ್ನು ಶಾಲೆಗೆ ಸೇರಿಸಿಕೊಂಡ ಮೇಷ್ಟ್ರೂ ನನ್ನಂತೆಯೇ ಉಪಕಾರಿಗಳು! ಆ ದಿನಾಂಕದ ದೆಸೆಯಿಂದಲೇ ನಾನು ಮೇ ತಿಂಗಳ ಕಡೆಯ ದಿನ ನಿವೃತ್ತನಾದುದು. ನನ್ನ ತಾಯಿಯಾದರೋ, “ನೀನು ಹುಟ್ಟಿದ ರಾತ್ರಿ ಆರಿದ್ರಾ ಮಳೆ ಹಿಡಿದಿತ್ತು, ಸೂಲಗಿತ್ತಿ ಹೊಳೆ ದಾಟಿ ಬರುವುದೇ ಕಷ್ಟವಾಯಿತು” ಎನ್ನುತ್ತಿದ್ದಳು. ಸೂರ್ಯನು ಆರ್ದ್ರಾ ನಕ್ಷತ್ರವನ್ನು ಹೊಗುವುದು ಜೂನ್ ಮೂರನೆಯ ವಾರವು ಕಳೆದ ಮೇಲೆ. ಪಂಚಾಂಗ ಬಲ್ಲ ನಾನು ಅದು ಯಾವ ರಾತ್ರಿಯೆಂದು ಅವಳನ್ನು ಕೇಳಿ ಬರೆದಿಟ್ಟುಕೊಳ್ಳಬಹುದಾಗಿದ್ದಿತು, ಕೇಳಲಿಲ್ಲ. ಈಗ ಹೇಳುವವರು ಯಾರೂ ಉಳಿದಿಲ್ಲ.

ಮಗನಿಗೆ ಆ ಕೊರತೆಯಿಲ್ಲ. ಅವನ ತಾಯಿ ಈ ವರ್ಷವೂ ಆಗಸ್ಟ್ 19ರಂದು ಪಾಯಸ ಮಾಡಿದಳು. ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೆ: ಮಗುವನ್ನು ಶಾಲೆಗೆ ಸೇರಿಸುವಾಗ ತಾಯಿಯ ಬಾಯಿಂದ ಬಂದ ದಿನವನ್ನೇ ಬರೆಯಿಸಿರಿ. ಒಂದು ವರ್ಷ ತಡವಾಗಿ ಸೇರಿದರೆ ಏನೂ ಕೆಡುವುದಿಲ್ಲ.